ಬೇನೆ ಅಂದ್ರೆ ಒಳ್ಳೇದು

ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದು ನಾಲ್ಕು ದಿನ ಆಗಿತ್ತು. ಕೈಯಲ್ಲಿ ಆ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ. ಎದೆ ಕಾಯಿಲೆಯವರಿರುವ ಮನೆಯಲ್ಲಿ ನೀವೂ ನೋಡಿರುತ್ತೀರಿ. ಪಕ್ಕಪಕ್ಕದಲ್ಲಿ ಮೂರು ಗೂಡು, ಒಂದೊಂದರಲ್ಲಿ ಒಂದೊಂದು ಬಣ್ಣದ ಹಗುರ ಚೆಂಡು, ಬದಿಗೆ ಒಂದು ಕೊಳವೆ. ಕೊಳವೆ ಬಾಯಲ್ಲಿಟ್ಟು ಉಸಿರೆಳೆದರೆ ಮೊದಲನೇ ಚೆಂಡು ಮೇಲೇಳುತ್ತದೆ. ಜೋರಾಗಿ ಎಳೆದರೆ ಎರಡನೆಯದು. ಎದೆ ಗಟ್ಟಿ ಇದ್ದವರಿಗೆ ಮೂರೂ ಏಳುತ್ತವೆ. ಅಪ್ಪನಿಗೆ ಆಗ ಒಂದು ಎತ್ತುವುದೇ ಕಷ್ಟ. ಎರಡನೆಯದು ಸ್ವಲ್ಪ ಅಲ್ಲಾಡಿ ಕೂತುಬಿಡುತ್ತಿತ್ತು.

ಗಂಟೆಗೆ ಹತ್ತು ಸಲ ಮಾಡಿ ಅಂದಿದ್ದರು ಡಾಕ್ಟರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು, ಲೆಕ್ಕ ತಪ್ಪುತ್ತಿರಲಿಲ್ಲ. ಆದರೆ ಬೇಜಾರು. ಅದು ಕಳೆಯಲಿ ಅಂತ ನಾನು ಪಕ್ಕದಲ್ಲಿ ಕೂತು ಫೋನಲ್ಲಿ ಹಾಡು ಹಾಕುತ್ತಿದ್ದೆ. ಮೊದಲು ದೇವರನಾಮ ಹಾಕಿದೆ. ಬೇಡ ಅಂದರು. ಅವನ್ನೆಲ್ಲ ಶನಿವಾರ ಸಂಜೆ ತಾವೇ ಹಾಡಿಕೊಳ್ಳುತ್ತಿದ್ದವರು ಅವರು. ಬೇರೆ ಯಾರೋ ಹಾಡಿದರೂ ಅವರ ಗಂಟಲು ತಾನಾಗಿ ಹೊರಟುಬಿಡುತ್ತಿತ್ತು. ಅರ್ಧ ಸಾಲಿಗೆ ಕೆಮ್ಮು. ಸರಿ, ಗೊತ್ತೇ ಇಲ್ಲದ ಹಾಡಾದರೆ ಸುಮ್ನೆ ಕೇಳಬಹುದು ಅಂತ ನನ್ನ ಇಟಲಿಯ ಹಾಡು ಹಾಕಿದೆ.

ಅಡುಗೆಮನೆಯಿಂದ ಅಮ್ಮನ ದನಿ ಬಂತು. 'ಯಾರೋ ಅದು, ಬೇನೆ ಬೇನೆ ಅಂತ ಅಷ್ಟು ಒದ್ದಾಡ್ತಿರೋದು? ಎಲ್ಲಿ ನೋವಂತೆ ಅವನಿಗೆ?'

ನಕ್ಕೂ ನಕ್ಕೂ ಸಾಕಾಯಿತು. ಅಪ್ಪನೂ ನಕ್ಕರು, ನಕ್ಕಿದ್ದಕ್ಕೆ ಕೆಮ್ಮಿದರು, ಕೆಮ್ಮಿಸಿದ್ದಕ್ಕೆ ನನಗೆ ಬೈಗುಳ ಬಿತ್ತು.

'ಬೇನೆ ಅಂದ್ರೆ ಅವರ ಭಾಷೇಲಿ ಒಳ್ಳೇದು ಅಂತಮ್ಮ.'

'ಒಳ್ಳೇದಾಗಿದ್ರೆ ಯಾಕೋ ಹಂಗೆ ಅಳ್ತಾನೆ?'

ಅವತ್ತು ಒಗ್ಗರಣೆ ಸಿಡಿಯುವಷ್ಟರಲ್ಲಿ ಹೇಳಿ ಮುಗಿಸೋಕೆ ಆಗಲಿಲ್ಲ. ಈಗ ನಿಧಾನವಾಗಿ ಹೇಳುತ್ತೇನೆ.

ಹಾಡಿನ ಹೆಸರು 'ಕರೂಸೊ'. 1986ರಲ್ಲಿ ಬಂದದ್ದು. ಬರೆದವನು, ರಾಗ ಹಾಕಿದವನು, ಮೊದಲು ಹಾಡಿದವನು ಎಲ್ಲ ಒಬ್ಬನೇ. ಉತ್ತರ ಇಟಲಿಯ ಬೊಲೊನ್ಯಾ ಊರಿನ ಲೂಚೊ ದಲ್ಲಾ. ಇಟಲಿಯಿಂದ ಹೊರಗೆ ಈ ಹಾಡು ಕೇಳಿದವರಲ್ಲಿ ಹೆಚ್ಚಿನವರು ಅವನ ದನಿಯಲ್ಲಿ ಕೇಳಿರುವುದಿಲ್ಲ. ಪವರೊಟ್ಟಿಯದೋ ಬೊಚೆಲ್ಲಿಯದೋ, ಅಂಥ ಹೆಸರಾಂತ ಗಾಯಕರದು ಕೇಳಿರುತ್ತಾರೆ, ಇದು ಯಾವುದೋ ಹಳೇ ಆಪೆರಾದ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ, ತುಣುಕು ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

2018ರ ಚಳಿಗಾಲದಲ್ಲಿ ಕಂಪನಿಯವರು ನನ್ನನ್ನ ಹತ್ತು ವಾರ ಬೊಲೊನ್ಯಾಕ್ಕೆ ಕಳಿಸಿದ್ದರು. ಮಾತ್ರೆಗಳನ್ನ ಸ್ಟ್ರಿಪ್‌ನಲ್ಲಿ ಪ್ಯಾಕ್ ಮಾಡುವ ಮೆಷಿನ್ ತರಿಸುವುದಿತ್ತು, ಅದನ್ನ ಬಿಚ್ಚಿ ಜೋಡಿಸೋದು ಕಲಿಯಬೇಕಿತ್ತು. ಬೊಲೊನ್ಯಾ ಸುತ್ತಮುತ್ತ ಪ್ಯಾಕಿಂಗ್ ಮೆಷಿನ್ ಮಾಡುವ ಕಾರ್ಖಾನೆಗಳೇ ಕಾರ್ಖಾನೆ. ನಮ್ಮ ಶೆಡ್ಡಿನಲ್ಲಿ ಒಂದು ರೇಡಿಯೊ ದಿನವಿಡೀ ಹಾಡುತ್ತಿತ್ತು. ಯಾರೂ ಕಿವಿಗೊಡುತ್ತಿರಲಿಲ್ಲ. ಒಂದು ದಿನ ಮಧ್ಯಾಹ್ನ ಒಂದು ಹಾಡು ಬಂತು. ಪಲ್ಲವಿ ಬಂದ ತಕ್ಷಣ ಒಬ್ಬೊಬ್ಬರೇ ಕೈಯಲ್ಲಿದ್ದ ಸ್ಪ್ಯಾನರ್ ಬಿಡದೆ, ತಲೆ ಎತ್ತದೆ, ಗೊಣಗುವ ಹಾಗೆ ಜೊತೆಗೆ ಹಾಡಿದರು. ಪಲ್ಲವಿ ಮುಗಿದಾಗ ಎಲ್ಲರೂ ಸುಮ್ಮನಾದರು. ಮತ್ತೆ ಬಂದಾಗ ಮತ್ತೆ ಹಾಡಿದರು. ನಮ್ಮಲ್ಲಿ ಆರ್ಕೆಸ್ಟ್ರಾದವರು ಹಳೇ ರಾಜ್‌ಕುಮಾರ್ ಹಾಡು ಎತ್ತಿಕೊಂಡಾಗ ಆಗುತ್ತಲ್ಲ, ಹಾಗೆ.

ನನ್ನ ಜೊತೆ ಕೆಲಸ ಮಾಡುತ್ತಿದ್ದವನು ದಕ್ಷಿಣ ಇಟಲಿಯ ನೇಪಲ್ಸ್ ಕಡೆಯ ಫಿಟ್ಟರ್. ಅವನಿಗೆ ಈ ಹಾಡಿನ ಮೇಲೆ ಪ್ರೀತಿಯೂ ಇತ್ತು, ಒಂದು ತಕರಾರೂ ಇತ್ತು. 'ಪಲ್ಲವಿ ನಮ್ಮದು. ಈ ಬೊಲೊನ್ಯಾದವನು ಎತ್ತಿಕೊಂಡು ಹೋದ' ಅನ್ನುತ್ತಿದ್ದ. ಅದು ನಿಜ. ಅದರ ಕಥೆಗೆ ಆಮೇಲೆ ಬರುತ್ತೇನೆ.

ಸಂಜೆ ಕೆಲಸ ಬಿಟ್ಟ ಮೇಲೆ ಊರು ಸುತ್ತುವುದು. ಆ ವರ್ಷ ಕ್ರಿಸ್ಮಸ್‌ಗೆ ಬೊಲೊನ್ಯಾದ ವಿಯಾ ದಾಜೆಲ್ಯೊ ಬೀದಿಯಲ್ಲಿ ದೀಪದ ಸರ ಕಟ್ಟಿದ್ದರು. ನಕ್ಷತ್ರ, ಗಂಟೆ ಅಂಥದ್ದೇನೂ ಅಲ್ಲ. ಅಕ್ಷರಗಳು. ದಲ್ಲಾನ ಇನ್ನೊಂದು ಹಾಡಿನ ಸಾಲುಗಳನ್ನ ದೀಪದಲ್ಲಿ ಬರೆದು, ಬೀದಿಯ ಈ ಮನೆಯಿಂದ ಆ ಮನೆಗೆ ಅಡ್ಡಲಾಗಿ, ಒಂದರ ಹಿಂದೊಂದು ತೂಗುಹಾಕಿದ್ದರು. ಬರುವ ವರ್ಷ ಹೇಗಿರುತ್ತೆ ಅಂತ ಸ್ನೇಹಿತನಿಗೆ ಕಾಗದ ಬರೆಯುವ ಹಾಡು ಅದು. ಜನ ತಲೆ ಮೇಲೆತ್ತಿ ಓದಿಕೊಂಡು ನಡೆಯುತ್ತಿದ್ದರು. ಬೀದಿ ಮುಗಿಯುವಷ್ಟರಲ್ಲಿ ಹಾಡೂ ಒಂದು ಸುತ್ತು ಬರುತ್ತಿತ್ತು. ಕವಿಯ ಸಾಲನ್ನ ಜನರ ತಲೆ ಮೇಲೆ ತೂಗುಹಾಕಿದ ಊರನ್ನ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ದಲ್ಲಾನ ಮನೆ ಇದ್ದದ್ದೂ ಅದೇ ಬೀದಿಯಲ್ಲಿ.

ಅಲ್ಲಿಂದ ಸ್ವಲ್ಪ ನಡೆದರೆ ಪಿಯಾಜ್ಜಾ ಕವೂರ್. ಅವನು ಹುಟ್ಟಿದ ಜಾಗ. ಅಲ್ಲೊಂದು ಬೆಂಚಿನ ಮೇಲೆ ಕಂಚಿನ ದಲ್ಲಾ ಕೂತಿದ್ದಾನೆ. ಪಕ್ಕದಲ್ಲಿ ಜಾಗ ಇದೆ. ನಾನೂ ಕೂತೆ. ಕಂಚು ಆ ಚಳಿಗೆ ಎಷ್ಟು ತಣ್ಣಗಿತ್ತೆಂದರೆ ಒರಗೋಕೆ ಆಗಲಿಲ್ಲ.

ದಲ್ಲಾ ನೋಡೋಕೆ ಪ್ರೇಮಗೀತೆ ಹಾಡುವ ಆಸಾಮಿಯ ಹಾಗೆ ಇರಲೇ ಇಲ್ಲ. ಕುಳ್ಳ. ಗಡ್ಡ, ದುಂಡು ಕನ್ನಡಕ, ತಲೆ ಮೇಲೊಂದು ಉಣ್ಣೆ ಟೋಪಿ. ಶುರು ಮಾಡಿದ್ದು ಜಾಝ್ ತಂಡಗಳಲ್ಲಿ ಕ್ಲ್ಯಾರಿನೆಟ್ ಊದಿಕೊಂಡು. ಹುಟ್ಟಿದ ದಿನ 1943ರ ಮಾರ್ಚ್ 4. ಆ ತಾರೀಖನ್ನೇ ಒಂದು ಹಾಡಿಗೆ ಹೆಸರಾಗಿಟ್ಟು 1971ರ ಸಾನ್‌ರೆಮೊ ಹಾಡುಹಬ್ಬದಲ್ಲಿ ಹಾಡಿದ್ದ. 2012ರ ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಮೊಂತ್ರೆಯಲ್ಲಿ ಹೃದಯಾಘಾತವಾಗಿ ಹೋದ. ಹಿಂದಿನ ರಾತ್ರಿ ಅದೇ ಊರಲ್ಲಿ ಕಛೇರಿ ಮಾಡಿದ್ದ. ಬೊಲೊನ್ಯಾದ ದೊಡ್ಡ ಚರ್ಚಿನಲ್ಲಿ ಅಂತ್ಯಕ್ರಿಯೆ ನಡೆದದ್ದು ಮಾರ್ಚ್ 4ಕ್ಕೆ. ಬದುಕಿದ್ದರೆ ಅವತ್ತು ಅರವತ್ತೊಂಬತ್ತು ತುಂಬುತ್ತಿತ್ತು.

ಹಾಡು ಹುಟ್ಟಿದ ಬಗೆಯನ್ನ ಅವನೇ ಹೇಳಿಕೊಂಡಿದ್ದ. ನೇಪಲ್ಸ್ ಕೊಲ್ಲಿಯಲ್ಲಿ ದೋಣಿಯಲ್ಲಿ ಹೋಗುತ್ತಿದ್ದಾಗ ದೋಣಿ ಕೆಟ್ಟಿತು. ಸೊರೆಂಟೊದಲ್ಲಿ ಉಳಿಯಬೇಕಾಯಿತು. ಅಲ್ಲಿಯ ಎಕ್ಸೆಲ್ಸಿಯರ್ ವಿತ್ತೋರಿಯಾ ಹೋಟೆಲಿನವರು ಅವನಿಗೆ ಕೊಟ್ಟದ್ದು ಎನ್ರಿಕೊ ಕರೂಸೊ ಸಾಯುವ ಕೆಲವೇ ದಿನ ಮುಂಚೆ ಇದ್ದ ಕೋಣೆ. ಆ ಕೊನೆಯ ದಿನಗಳ ಕಥೆ ಹೋಟೆಲಿನವರ ಬಾಯಲ್ಲಿತ್ತು. ಕಾಯಿಲೆಯ ಕರೂಸೊ ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳಿಗೆ ಹಾಡು ಹೇಳಿಕೊಡುತ್ತಿದ್ದನಂತೆ, ಅವಳ ಮೇಲೆ ಮನಸ್ಸಾಗಿತ್ತಂತೆ. ಹೋಟೆಲಿನ ಕಥೆಗೆ ಅಂತೆಕಂತೆ ಇದ್ದೇ ಇರುತ್ತದೆ. ದಲ್ಲಾ ಅದನ್ನ ಹಾಡು ಮಾಡಿದ. ಆ ವರ್ಷ ಅವನು ನ್ಯೂಯಾರ್ಕಿನಲ್ಲಿ ಮಾಡಿದ ಕಛೇರಿಯ ಆಲ್ಬಂ ಹೊರಬರುವುದಿತ್ತು. ಅದರೊಳಗೆ ಈ ಒಂದು ಹೊಸ ಹಾಡು ಸೇರಿಕೊಂಡಿತು. ಈಗ ಆ ಆಲ್ಬಂ ಅಂದರೆ ಈ ಹಾಡು ಅನ್ನುವಂತಾಗಿದೆ.

ಎನ್ರಿಕೊ ಕರೂಸೊ ಯಾರು? 1873ರಲ್ಲಿ ನೇಪಲ್ಸ್‌ನ ಬಡ ಮನೆಯಲ್ಲಿ ಹುಟ್ಟಿದವನು. ಅವನ ಕಾಲಕ್ಕೆ ಟೆನರ್ ಅಂದರೆ, ಎತ್ತರದ ದನಿಯಲ್ಲಿ ಹಾಡುವ ಗಂಡಸು ಅಂದರೆ, ಅವನೇ. 1903ರಿಂದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಹಾಡಿದ. 1920ರ ಡಿಸೆಂಬರ್ 11ಕ್ಕೆ ಬ್ರೂಕ್ಲಿನ್‌ನಲ್ಲಿ ಒಂದು ಹಾಸ್ಯದ ಆಪೆರಾ. ಹಾಡುತ್ತಿದ್ದ ಹಾಗೇ ಗಂಟಲಿಂದ ರಕ್ತ ಬಂತು. ಪಕ್ಕದ ಪರದೆ ಹಿಂದಿನಿಂದ ಒಂದಾದ ಮೇಲೊಂದು ಬಟ್ಟೆ ಕೊಡುತ್ತಿದ್ದರು. ಇವನು ಬೆನ್ನು ತಿರುಗಿಸಿ ಒರೆಸಿಕೊಳ್ಳುವುದು, ತಿರುಗಿ ಹಾಡುವುದು. ಮೊದಲ ಅಂಕ ಹಾಗೇ ಮುಗಿಸಿದ. ಆಮೇಲೆ ನಿಲ್ಲಿಸಿದರು. ಎರಡು ವಾರಕ್ಕೆ, ಡಿಸೆಂಬರ್ 24ಕ್ಕೆ, ಕೊನೆಯ ಸಲ ರಂಗಕ್ಕೆ ಬಂದ. ಅಲ್ಲಿಂದಾಚೆಗೆ ಬರೀ ಹಾಸಿಗೆ, ಆಪರೇಷನ್.

ಅವನಿಗೆ ಆದದ್ದು ಏನು ಗೊತ್ತಾ? ಪ್ಲೂರಿಸಿ. ಶ್ವಾಸಕೋಶದ ಹೊರಗಿನ ಪೊರೆಗೆ ಸೋಂಕು ತಗುಲಿ, ಅಲ್ಲಿ ಕೀವು ತುಂಬಿಕೊಂಡಿತ್ತು. ಅಪ್ಪನಿಗೂ ಅದೇ ಜಾಗದಲ್ಲಿ ನೀರು ತುಂಬಿಕೊಂಡಿತ್ತು. ಅಪ್ಪನದು ಟಿಬಿಯ ನೀರು. ಬೆನ್ನಿಗೆ ಸೂಜಿ ಹಾಕಿ ತೆಗೆದಾಗ ಬಾಟಲಿಯಲ್ಲಿ ತಿಳಿ ಜೇನಿನ ಬಣ್ಣದ್ದು ಮುಕ್ಕಾಲು ಲೀಟರ್ ಮೇಲಿತ್ತು. ಆರು ತಿಂಗಳು ಮಾತ್ರೆ. ನಾನು ಬೊಲೊನ್ಯಾದಲ್ಲಿ ಬಿಚ್ಚಿ ಜೋಡಿಸಿದ್ದ ಥರದ ಮೆಷಿನ್‌ನಲ್ಲೇ ಪ್ಯಾಕ್ ಆದ ಸ್ಟ್ರಿಪ್‌ಗಳು. 1921ರಲ್ಲಿ ಆ ಮಾತ್ರೆ ಯಾವುದೂ ಇರಲಿಲ್ಲ. ಪೆನಿಸಿಲಿನ್ ಕಂಡುಹಿಡಿದದ್ದೇ 1928ರಲ್ಲಿ. ಕರೂಸೊನ ಎದೆ ಕೊಯ್ದು ಕೀವು ತೆಗೆದರು, ಮತ್ತೆ ತುಂಬಿತು, ಮತ್ತೆ ಕೊಯ್ದರು. ಮೇ ತಿಂಗಳ ಕೊನೆಗೆ ಹೆಂಡತಿ ಮತ್ತು ಪುಟ್ಟ ಮಗಳ ಜೊತೆ ಹಡಗು ಹತ್ತಿ ಊರಿಗೆ ಹೊರಟ. ಸೊರೆಂಟೊದಲ್ಲಿ ಆ ಬೇಸಿಗೆ ಕಳೆದ. ಆಗಸ್ಟ್ 2ಕ್ಕೆ ನೇಪಲ್ಸ್‌ನಲ್ಲಿ ತೀರಿಕೊಂಡ. ನಲವತ್ತೆಂಟು ವರ್ಷ.

ಹಾಡು ಶುರುವಾಗುವುದು ಆ ಕೊನೆಯ ಬೇಸಿಗೆಯಲ್ಲಿ. ಸಮುದ್ರ ಹೊಳೆಯುತ್ತಿದೆ, ಗಾಳಿ ಜೋರಾಗಿದೆ, ಹಳೇ ತಾರಸಿಯೊಂದರ ಮೇಲೆ ಒಬ್ಬ ಗಂಡಸು. ಅತ್ತು ಮುಗಿಸಿದ್ದಾನೆ. ಹುಡುಗಿಯನ್ನ ತಬ್ಬಿಕೊಳ್ಳುತ್ತಾನೆ. ಆಮೇಲೆ ಗಂಟಲು ಸರಿ ಮಾಡಿಕೊಂಡು ಮತ್ತೆ ಹಾಡು ಎತ್ತಿಕೊಳ್ಳುತ್ತಾನೆ. ನನ್ನ ಕೇಳಿದರೆ ಇಡೀ ಹಾಡು ನಿಂತಿರುವುದು ಆ ಗಂಟಲು ಸರಿ ಮಾಡಿಕೊಳ್ಳುವುದರ ಮೇಲೆ. ಜಗತ್ತಿನ ದೊಡ್ಡ ಗಂಟಲು ಈಗ ಕೆಮ್ಮಿ ಸರಿ ಮಾಡಿಕೊಳ್ಳಬೇಕಾದ ಸ್ಥಿತಿಗೆ ಬಂದಿದೆ.

ಮುಂದೆ ಅವನು ಸಮುದ್ರದ ಮೇಲೆ ದೀಪಗಳನ್ನ ನೋಡುತ್ತಾನೆ. ಅಮೆರಿಕದ ರಾತ್ರಿಗಳು ನೆನಪಾಗುತ್ತವೆ. ನೋಡಿದರೆ ಅವು ಮೀನು ಹಿಡಿಯುವ ದೋಣಿಗಳ ದೀಪ. ಬೆಳಕಿಗೆ ಮೀನು ಬರುತ್ತದಲ್ಲ, ಅದಕ್ಕೆ ಕಟ್ಟಿಕೊಂಡವು. ನಮ್ಮ ಕರಾವಳಿಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ, ಲೈಟ್ ಫಿಶಿಂಗ್ ಗಲಾಟೆ ಅಲ್ಲೂ ಸಾಕಷ್ಟು ಆಗಿದೆ. ಆಮೇಲಿನ ಮಾತು ನಾಟಕದ ಬಗ್ಗೆ. ಆಪೆರಾದಲ್ಲಿ ಎಲ್ಲ ದುಃಖವೂ ಸುಳ್ಳು, ಬಣ್ಣ ಹಚ್ಚಿಕೊಂಡು ನಾಲ್ಕು ಅಭಿನಯ ಕಲಿತರೆ ಬೇರೆ ಯಾರೋ ಆಗಿಬಿಡಬಹುದು. ಆದರೆ ಎರಡು ಕಣ್ಣು ಹತ್ತಿರದಿಂದ, ನಿಜವಾಗಿ ನೋಡಿದರೆ ಮಾತು ಮರೆತುಹೋಗುತ್ತದೆ. ಸಾವಿರ ಸಲ ರಂಗದ ಮೇಲೆ ಸತ್ತು ಎದ್ದು ಕೈ ಮುಗಿದವನು ಈಗ ನಿಜವಾಗಿ ಸಾಯುತ್ತಿದ್ದಾನೆ. ಏನು ಮಾಡಬೇಕು ಅಂತ ಅವನಿಗೆ ಗೊತ್ತಿಲ್ಲ. ಹಾಡುತ್ತಾನೆ.

ಇನ್ನು ಆ ಪಲ್ಲವಿ. 'ತೆ ವೊಲ್ಯೊ ಬೇನೆ ಅಸ್ಸಾಯೆ.'

ಹಾಡಿನ ಚರಣಗಳು ಶಾಲೆಯಲ್ಲಿ ಕಲಿಸುವ ಇಟಾಲಿಯನ್. ಪಲ್ಲವಿ ಹತ್ತಿರ ಬಂದರೆ ಭಾಷೆ ನೇಪಲ್ಸ್‌ಗೆ ಇಳಿಯುತ್ತದೆ. ಬೊಲೊನ್ಯಾ ಎಲ್ಲಿ, ನೇಪಲ್ಸ್ ಎಲ್ಲಿ! ಮೈಸೂರಿನವನೊಬ್ಬ ಚರಣವನ್ನೆಲ್ಲ ನಮ್ಮ ಕನ್ನಡದಲ್ಲಿ ಬರೆದು, ಪಲ್ಲವಿಗೆ ಬಂದಾಗ ಮಾತ್ರ 'ನಿನ್ ಮ್ಯಾಲೆ ಭಾಳ ಜೀವ ಐತಿ' ಅಂತ ಧಾರವಾಡಕ್ಕೆ ಹೋದ ಹಾಗೆ. ಆ 'ಅಸ್ಸಾಯೆ' ಅಂದರೆ 'ಭಾಳ'ವೇ. ತಬ್ಬಿಕೊಂಡು ಹೇಳುವ ಮಾತಿಗೆ ಪುಸ್ತಕದ ಭಾಷೆ ಆಗಿಬರೋದಿಲ್ಲ ಅಂತ ದಲ್ಲಾನಿಗೆ ಗೊತ್ತಿತ್ತು. ಸಾಯುತ್ತಿರುವವನು ನೇಪಲ್ಸ್‌ನವನು ಬೇರೆ. ಕೊನೆಗೆ ಬಾಯಿಗೆ ಬರುವುದು ಮನೆ ಮಾತು ತಾನೇ.

ಫಿಟ್ಟರ್‌ನ ತಕರಾರು ಇಲ್ಲಿಗೆ ಬಂತು. ಆ ಮೊದಲ ಸಾಲು 1839ರ ಒಂದು ನೇಪಲ್ಸ್ ಹಾಡಿನದು. ಬರೆದವನು ರಫಾಯೆಲೆ ಸಾಕ್ಕೊ. ಕೆಲಸದಿಂದ ಕನ್ನಡಕದ ಅಂಗಡಿಯವನು. ನಿನ್ನ ಮೇಲೆ ನನಗಿಷ್ಟು ಪ್ರೀತಿ, ನಿನಗೆ ನನ್ನ ನೆನಪೇ ಇಲ್ಲ ಅನ್ನುವ ಗೋಳು ಅದು. ಪಲ್ಲವಿಯ ರಾಗ, ಪ್ರೀತಿಯನ್ನ ಸರಪಳಿಗೆ ಹೋಲಿಸುವ ಮಾತು ಇವೆರಡೂ 1930ರ ಇನ್ನೊಂದು ನೇಪಲ್ಸ್ ಹಾಡನ್ನ ನೆನಪಿಸುತ್ತವೆ. 'ದಿಚಿತೆಂಚೆಲ್ಲೊ ವುಯೆ'. ಎಂಜೊ ಫುಸ್ಕೊ ಬರೆದದ್ದು, ರೊದೊಲ್ಫೊ ಫಾಲ್ವೊ ರಾಗ ಹಾಕಿದ್ದು. ಆ ಹಾಡು ತಮಾಷೆಯಾಗಿದೆ. ಒಬ್ಬ ಒಂದು ಹುಡುಗಿಯ ಹತ್ತಿರ ಹೋಗಿ 'ನಿಮ್ಮ ಗೆಳತಿಗೆ ಸ್ವಲ್ಪ ಹೇಳಿ, ನನಗೆ ನಿದ್ದೆ ಇಲ್ಲ, ಅವಳದೇ ಧ್ಯಾನ' ಅಂತ ಗೋಗರೆಯುತ್ತಾನೆ. ಕೊನೆಗೆ ಅವಳ ಕಣ್ಣಲ್ಲಿ ನೀರು ಕಂಡು ತಡೆಯಲಾರದೆ, ಗೆಳತಿಯೂ ಇಲ್ಲ ಏನೂ ಇಲ್ಲ, ನಿನಗೇ ಹೇಳಿದ್ದು ಅಂದುಬಿಡುತ್ತಾನೆ.

ಹಾಗಾಗಿ ದಲ್ಲಾನ 'ಮೂಲ' ಹಾಡೂ ಅರ್ಧ ಕವರೇ, ಅಂದರೆ ಬೇರೆಯವರ ಹಾಡನ್ನ ಮತ್ತೆ ಹಾಡಿದ್ದೇ. ನೇಪಲ್ಸ್‌ನವರು ನೂರೈವತ್ತು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನ ಅವನು ಕರೂಸೊನ ಬಾಯಿಗೆ ಇಟ್ಟ. ಅದಕ್ಕೇ, ಯಾರಾದರೂ ಕವರ್ ಮಾಡಿ ಮೂಲ ಕೆಡಿಸಿದರು ಅಂತ ಹಾರಾಡಿದಾಗ ನನಗೆ ಅಷ್ಟು ಸಿಟ್ಟು ಬರುವುದಿಲ್ಲ. ಈ ಹಾಡಿನ ವಿಷಯದಲ್ಲಂತೂ ಇಲ್ಲ.

ಬೇನೆ ಅನ್ನುವ ಪದದ ಬಗ್ಗೆ ಫಿಟ್ಟರ್ ಒಂದು ಪಾಠ ಮಾಡಿದ್ದ, ಕೈಗೆ ಗ್ರೀಸ್ ಮೆತ್ತಿಕೊಂಡೇ. ಇಟಲಿಯಲ್ಲಿ 'ಪ್ರೀತಿಸುತ್ತೇನೆ' ಅನ್ನೋದಕ್ಕೆ ಎರಡು ಮಾತಿದೆ. 'ತಿ ಆಮೊ' ಅನ್ನೋದನ್ನ ಪ್ರೇಯಸಿಗೆ, ಹೆಂಡತಿಗೆ ಹೇಳಬಹುದು. ಅಮ್ಮನಿಗೆ ಹೇಳಿದರೆ ವಿಚಿತ್ರ. ಅಮ್ಮನಿಗೆ, ತಮ್ಮನಿಗೆ, ಮಗಳಿಗೆ, ಸ್ನೇಹಿತನಿಗೆ ಹೇಳೋದು 'ತಿ ವೊಲ್ಯೊ ಬೇನೆ'. ಅದನ್ನ ಬಿಡಿಸಿದರೆ ನಿನಗೆ ಒಳ್ಳೇದು ಬಯಸುತ್ತೇನೆ ಅಂತ ಬರುತ್ತದೆ. ನೇಪಲ್ಸ್‌ನವರು ಪ್ರೇಯಸಿಗೂ ಇದನ್ನೇ ಹೇಳುತ್ತಾರೆ. 'ಆಮೊ ಮೂರು ತಿಂಗಳಿಗೆ ಮುಗಿಯುತ್ತೆ. ಬೇನೆ ಮುಗಿಯಲ್ಲ' ಅಂದ ಅವನು. ಕನ್ನಡದಲ್ಲಿ ಬೇನೆ ಅಂದರೆ ನೋವು ಅಂತ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿ, ನಿಮ್ಮವರು ನಮಗಿಂತ ಬುದ್ಧಿವಂತರು ಅಂತ ಒಂದು ಬೋಲ್ಟ್ ಬಿಗಿ ಮಾಡಿದ.

ನಾನು ಫೋನ್ ಇಡುವಾಗೆಲ್ಲ ಅಮ್ಮ 'ಒಳ್ಳೇದಾಗ್ಲಿ ಕಣಪ್ಪ' ಅನ್ನುತ್ತಾಳೆ. ನಲವತ್ತು ವರ್ಷದಲ್ಲಿ ಒಂದು ಸಲವೂ ನಿನ್ನ ಪ್ರೀತಿಸ್ತೀನಿ ಅಂದಿಲ್ಲ. ಅಂದಿದ್ದರೆ ನಾನು ಗಾಬರಿಯಾಗಿ ಊರಿಗೆ ಓಡಿ ಬರುತ್ತಿದ್ದೆನೇನೋ.

ಒಂದು ಶನಿವಾರ ಬೆಳಿಗ್ಗೆ ರೈಲು ಹತ್ತಿ ನೇಪಲ್ಸ್‌ಗೆ ಹೋದೆ. ಅಲ್ಲಿಂದ ವೆಸುವಿಯಸ್ ಬೆಟ್ಟದ ಬುಡ ಬಳಸಿಕೊಂಡು ಹೋಗುವ ಲೋಕಲ್ ರೈಲಿನಲ್ಲಿ ಸೊರೆಂಟೊ. ಆ ಹೋಟೆಲಿನಲ್ಲಿ ಉಳಿಯೋದಿರಲಿ, ಅಲ್ಲಿ ಕಾಫಿ ಕುಡಿಯೋಕೂ ನನಗೆ ಧೈರ್ಯ ಇರಲಿಲ್ಲ. ಗೇಟಿನಿಂದ ತೋಟ ನೋಡಿ, ಪಕ್ಕದ ಪಾರ್ಕಿಗೆ ಹೋದೆ. ಊರು ಕಡಿದಾದ ಬಂಡೆಯ ತುದಿಯಲ್ಲಿದೆ. ಕೆಳಗೆ ಸಮುದ್ರ, ಎದುರಿಗೆ ವೆಸುವಿಯಸ್. ಗಾಳಿ ಹಾಡಿನಲ್ಲಿ ಹೇಳಿದಷ್ಟೇ ಜೋರಾಗಿತ್ತು, ಅದರಲ್ಲಿ ದಲ್ಲಾ ಏನೂ ಹೆಚ್ಚು ಮಾಡಿ ಹೇಳಿಲ್ಲ. ಕತ್ತಲಾದ ಮೇಲೆ ನೀರಿನ ಮೇಲೆ ಮೂರು ದೀಪ ಕಂಡವು. ಮೀನಿನ ದೋಣಿಯೋ, ಕಾಪ್ರಿಗೆ ಹೋಗುವ ಹಡಗೋ ಗೊತ್ತಾಗಲಿಲ್ಲ. ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳೋಣ ಅಂತ ಅಷ್ಟು ದೂರ ಹೋಗಿದ್ದೆ. ಗಾಳಿಗೆ ಕಿವಿ ನೋಯುತ್ತಿತ್ತು. ಕೇಳದೆ ವಾಪಸ್ ಬಂದೆ.

ಇಲ್ಲಿ ಒಂದು ಅಡ್ಡದಾರಿ ಹಿಡಿಯಬೇಕು, ನಮ್ಮ ಊರಿನ ಸಲುವಾಗಿ. ಕರೂಸೊ ಇವತ್ತಿಗೂ ಹೆಸರಾಗಿ ಉಳಿದಿರುವುದಕ್ಕೆ ಅವನ ಗ್ರಾಮಫೋನ್ ಪ್ಲೇಟುಗಳು ಕಾರಣ. 1902ರ ಏಪ್ರಿಲ್‌ನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಗ್ರಾಮಫೋನ್ ಕಂಪನಿಯವನು ಮಿಲಾನ್‌ಗೆ ಹೋಗಿದ್ದ. ಕರೂಸೊ ಹತ್ತು ಹಾಡಿಗೆ ನೂರು ಪೌಂಡ್ ಕೇಳಿದ. ಅಷ್ಟು ಕೊಡಬೇಡ ಅಂತ ಲಂಡನ್ನಿನಿಂದ ತಂತಿ ಬಂತು, ಇವನು ಲೆಕ್ಕಿಸದೆ ಹೋಟೆಲಿನ ಕೋಣೆಯಲ್ಲಿ ಮೆಷಿನ್ ಇಟ್ಟು ಒಂದು ಮಧ್ಯಾಹ್ನದಲ್ಲಿ ಹತ್ತೂ ಹಾಡು ಮುಗಿಸಿದ ಅಂತ ಕಥೆ. ಅದೇ ಗೈಸ್‌ಬರ್ಗ್ ಅದೇ ವರ್ಷ ಹಡಗು ಹತ್ತಿ ನಮ್ಮ ದೇಶಕ್ಕೆ ಬಂದ. ನವೆಂಬರ್‌ನಲ್ಲಿ ಕಲ್ಕತ್ತೆಯ ಹೋಟೆಲಿನ ಕೋಣೆಯಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ್ದನ್ನ ರೆಕಾರ್ಡ್ ಮಾಡಿದ. ಗೌಹರ್ ಜಾನ್ ಕೊನೆಗೆ ಬಂದು ಸೇರಿದ್ದು ನಮ್ಮ ಮೈಸೂರು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡರು.

ಇದನ್ನ ಹೇಳಿದಾಗ ಅಪ್ಪನಿಗೆ ಖುಷಿಯೋ ಖುಷಿ. 'ಅಂದ್ರೆ ನಿನ್ನ ಇಟಲಿಯೋನಿಗೂ ನಮ್ಮೂರಿಗೂ ನೆಂಟಸ್ತನ ಇದೆ ಅನ್ನು.' ಅವತ್ತು ಎರಡನೇ ಚೆಂಡು ಅರ್ಧ ಮೇಲೆ ಬಂದಿತ್ತು.

ಆಮೇಲೆ ಅದೊಂದು ಆಟವೇ ಆಯಿತು. ದಿನ ಸಂಜೆ ಅದೇ ಹಾಡು, ಬೇರೆ ಬೇರೆಯವರದು. ಅಪ್ಪ ಕಣ್ಣು ಮುಚ್ಚಿ ಕೇಳುವುದು, ಚೆಂಡಿನ ಲೆಕ್ಕದಲ್ಲಿ ಮಾರ್ಕ್ಸ್ ಕೊಡುವುದು. ಮೇಷ್ಟ್ರು ಬುದ್ಧಿ ಎಲ್ಲಿ ಹೋಗುತ್ತೆ?

ದಲ್ಲಾನಿಗೆ ಮೊದಲ ದಿನವೇ ಕೊಟ್ಟಿದ್ದರು. 'ಎರಡು ಚೆಂಡು.' ಹಾಡುತ್ತಾನೋ ಮಾತಾಡುತ್ತಾನೋ ಅನ್ನುವ ಹಾಗೆ ಶುರು ಮಾಡುತ್ತಾನೆ ದಲ್ಲಾ. ದನಿ ಸ್ವಲ್ಪ ಒರಟು. ಪಲ್ಲವಿಗೆ ಬಂದಾಗ ಏರುತ್ತಾನೆ, ಆದರೆ ಏಣಿ ಇಟ್ಟು ಹತ್ತಿದ ಹಾಗೆ, ಒಂದೊಂದು ಮೆಟ್ಟಿಲೂ ಕೇಳುತ್ತದೆ. 'ಹುಷಾರಿಲ್ಲದೋನು, ಸರಿಯಾಗಿ ಹೇಳ್ತಿದಾನೆ' ಅಂದರು ಅಪ್ಪ.

ಪವರೊಟ್ಟಿ ಬಂದ. ಲೂಚಾನೊ ಪವರೊಟ್ಟಿ, ಬೊಲೊನ್ಯಾ ಪಕ್ಕದ ಮೊದೆನಾ ಊರಿನವನು, ಬೇಕರಿಯವರ ಮಗ. ಕರೂಸೊ ಆದಮೇಲೆ ಜನಸಾಮಾನ್ಯರ ಬಾಯಲ್ಲಿ ಅಷ್ಟು ಓಡಾಡಿದ ಟೆನರ್ ಹೆಸರು ಅವನದೇ. ಹಾಡು ಜಗತ್ತಿಗೆ ಗೊತ್ತಾದದ್ದರಲ್ಲಿ ಅವನ ಪಾಲು ದೊಡ್ಡದು. ಪಲ್ಲವಿ ಎತ್ತಿದ ಕೂಡಲೇ ಫೋನಿನ ಸ್ಪೀಕರ್ ಒಡೆದುಹೋಗುತ್ತೆ ಅನ್ನಿಸಿತು. ಅಪ್ಪ ಕಣ್ಣು ಬಿಟ್ಟು ಕೂತರು.

'ಮೂರೂ ಚೆಂಡು. ಎತ್ತಿ ಹಂಗೇ ಹಿಡ್ಕೊಂಡಿದಾನಲ್ಲೋ!'

'ಹೆಂಗಿದೆ ಅಪ್ಪ?'

'ಬಹಳ ಚೆನ್ನಾಗಿದೆ. ಆದ್ರೆ ಇವನಿಗೇನೂ ಕಾಯಿಲೆ ಇಲ್ಲ ಕಣೋ.'

ಈ ಹಾಡಿನ ಕವರ್‌ಗಳ ಬಗ್ಗೆ ನಾನು ಎಷ್ಟೋ ಓದಿದ್ದೇನೆ. ಇಷ್ಟು ನೆಟ್ಟಗೆ ಯಾರೂ ಹೇಳಿದ್ದು ನೋಡಿಲ್ಲ. ದನಿ ಸೋತವನ ಹಾಡನ್ನ ಹಾಡೋಕೆ ಮುಂದೆ ಬಂದವರೆಲ್ಲ ದನಿ ಸೋಲದವರು. ಬರುವುದೂ ಸಹಜ. ಪಲ್ಲವಿ ಅಷ್ಟು ಎತ್ತರಕ್ಕೆ ಹೋಗುತ್ತದಲ್ಲ, ಗಂಟಲಿರುವ ಯಾರಿಗಾದರೂ ಕೈ ತುರಿಸುತ್ತದೆ. ಗಂಟಲು ತೋರಿಸೋಕೆ ಇದಕ್ಕಿಂತ ಒಳ್ಳೆ ಸಾಲು ಸಿಗೋದಿಲ್ಲ. ತೋರಿಸಿದ ಕೂಡಲೇ ತಾರಸಿಯ ಮೇಲಿದ್ದ ಕಾಯಿಲೆಯವನು ಎದ್ದು ಒಳಗೆ ಹೋಗಿಬಿಡುತ್ತಾನೆ.

ಆಂದ್ರೆಯಾ ಬೊಚೆಲ್ಲಿಯದು 'ರೊಮಾಂಜಾ' ಆಲ್ಬಂನಲ್ಲಿದೆ. ಅದು ಮನೆಮನೆಗೆ ಹೋದ ಆಲ್ಬಂ, ನನ್ನ ಎಷ್ಟೋ ಸ್ನೇಹಿತರಿಗೆ 'ಕರೂಸೊ' ಅಂದರೆ ಅದೇ. ನಯವಾಗಿದೆ, ಒಂದು ಮಡಿಕೆಯೂ ಇಲ್ಲದ ಇಸ್ತ್ರಿ ಬಟ್ಟೆ. ಅಪ್ಪ ಎರಡೂಮುಕ್ಕಾಲು ಕೊಟ್ಟು ಸುಮ್ಮನಾದರು. ಜಾಶ್ ಗ್ರೋಬನ್ 2003ರಲ್ಲಿ ಹಾಡಿದ್ದು. ಆಗ ಅವನಿಗೆ ಇಪ್ಪತ್ತೆರಡು. 'ಹುಡುಗ. ಇನ್ನೂ ಏನೂ ಆಗಿಲ್ಲ ಅವನಿಗೆ, ಪಾಪ' ಅಂದರು. ಜರ್ಮನಿಯ ಯೋನಾಸ್ ಕೌಫ್‌ಮನ್‌ನದು ಅರ್ಧಕ್ಕೆ ಬರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಹಾಗಾಗಿ ಅವನಿಗೆ ಮಾರ್ಕ್ಸ್ ಇಲ್ಲ.

ಲಾರಾ ಫಾಬಿಯನ್ ಹಾಡಿದಾಗ ಅಮ್ಮ ಒರೆಸುವ ಬಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ಬೆಲ್ಜಿಯಂನಲ್ಲಿ ಹುಟ್ಟಿದವಳು, ತಾಯಿ ಕಡೆಯಿಂದ ಸಿಸಿಲಿ. ಮೈಮೇಲೆ ಬಂದ ಹಾಗೆ ಹಾಡುತ್ತಾಳೆ. ಅಮ್ಮನಿಗೆ ತುಂಬ ಹಿಡಿಸಿತು. 'ಈ ಹುಡುಗಿಗೆ ನಿಜವಾಗ್ಲೂ ಬೇನೆ ಇದೆ' ಅಂದಳು. ಅಪ್ಪ ಒಪ್ಪಲಿಲ್ಲ. 'ಅತ್ತು ಮುಗಿಸಿದ್ಮೇಲೆ ಹಾಡ್ತಾನೆ ಅಂತ ಅಲ್ವಾ ನೀನು ಹೇಳಿದ್ದು? ಇವಳು ಹಾಡ್ತಾ ಅಳ್ತಿದಾಳೆ.' ಇಬ್ಬರೂ ಅರ್ಧ ಗಂಟೆ ಜಗಳ. ಅಪ್ಪ ಅಷ್ಟು ಹೊತ್ತು ಒಂದೇ ಸಮ ಮಾತಾಡಿದ್ದು ಆಸ್ಪತ್ರೆಯಿಂದ ಬಂದಮೇಲೆ ಅದೇ ಮೊದಲು.

ಮೊದೆನಾದ್ದನ್ನ ನಾನು ಬೇಕೆಂದೇ ಉಳಿಸಿಕೊಂಡಿದ್ದೆ. 1992ರ ಸೆಪ್ಟೆಂಬರ್‌ನಲ್ಲಿ ಪವರೊಟ್ಟಿ ತನ್ನ ಊರಲ್ಲಿ ಸ್ನೇಹಿತರನ್ನೆಲ್ಲ ಕರೆದು ಕಛೇರಿ ಮಾಡಿದ. ದಲ್ಲಾನೂ ಬಂದ. ಇಬ್ಬರೂ ಒಟ್ಟಿಗೆ ಈ ಹಾಡು ಹಾಡಿದರು. ಇದನ್ನ ಮಾತ್ರ ವೀಡಿಯೊ ತೋರಿಸಿದೆ. ಒಬ್ಬನದು ಬೆಟ್ಟದಂಥ ಮೈ. ಪಕ್ಕದಲ್ಲಿ ಅವನ ಎದೆಮಟ್ಟಕ್ಕೂ ಬಾರದ ಹಾಗೆ ಕಾಣುವ ದಲ್ಲಾ. ಒಬ್ಬನ ದನಿ ಬಾಗಿಲು ತಳ್ಳಿಕೊಂಡು ಬರುತ್ತದೆ, ಇನ್ನೊಬ್ಬನದು ಕಿಟಕಿಯಿಂದ ಇಣುಕುತ್ತದೆ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು.

'ಇದು ಸರಿಯಾಗಿದೆ' ಅಂದರು. 'ಆಸ್ಪತ್ರೇಲಿ ಪೇಷಂಟ್ ಜೊತೆ ಒಬ್ಬ ಗಟ್ಟಿಯಾಗಿರೋನು ಬೇಕು.'

ಅಮ್ಮ ಹನ್ನೊಂದು ರಾತ್ರಿ ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಿದ್ದಳು. ಅಡುಗೆಮನೆಯಿಂದ ಏನೂ ಸದ್ದು ಬರಲಿಲ್ಲ.

ಕೊನೆಯದು ಮೆರ್ಸೆದೆಸ್ ಸೋಸಾ. ಅರ್ಜೆಂಟೀನಾದ ತುಕುಮಾನ್ ಕಡೆಯ ಹೆಂಗಸು. ಜನರ ಹಾಡುಗಾರ್ತಿ. ಅಲ್ಲಿ ಮಿಲಿಟರಿ ಸರ್ಕಾರ ಇದ್ದಾಗ, 1979ರಲ್ಲಿ, ಕಛೇರಿ ನಡೆಯುತ್ತಿರುವಾಗಲೇ ಅವಳನ್ನ ಹಿಡಿದಿದ್ದರು. ದೇಶ ಬಿಟ್ಟು ಹೋಗಿ ಮೂರು ವರ್ಷದ ಮೇಲೆ ವಾಪಸ್ ಬಂದಳು. ಸ್ಪ್ಯಾನಿಷ್ ಅವಳ ಮಾತು, ಆದರೆ ಈ ಹಾಡನ್ನ ಇಟಾಲಿಯನ್‌ನಲ್ಲೇ ಹಾಡಿದ್ದಾಳೆ. ಉಚ್ಚಾರದಲ್ಲಿ ಅವಳ ಊರು ಹಾಗೇ ಇದೆ. ತಗ್ಗಿನ ದನಿ. ನೆಲದಿಂದ ಬಂದ ಹಾಗೆ. ಏರುತ್ತದೆ, ಕೂಗುವುದಿಲ್ಲ. 'ಬೇನೆ' ಅನ್ನುವಾಗ ಆ ಪದವನ್ನ ಎಸೆಯುವುದಿಲ್ಲ, ಕೈಗೆ ಕೊಡುತ್ತಾಳೆ.

ಅಪ್ಪ ಚೆಂಡಿನ ಡಬ್ಬಿಯನ್ನ ಮಡಿಲಲ್ಲಿಟ್ಟುಕೊಂಡು ಕೇಳಿದರು. ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಗಂಟಲು ಸರಿ ಮಾಡಿಕೊಂಡರು.

'ಒಂದೂವರೆ ಚೆಂಡು. ಜಾಸ್ತಿ ಇಲ್ಲ.'

'ಅಷ್ಟೇನಾ ಅಪ್ಪ?'

'ಅಷ್ಟೇ. ಇನ್ನೊಂದ್ಸಲ ಹಾಕು.'